ಎಣಿಕೆಯ ಮೊದಲ ಪಾಠ ಮನೆಯಲ್ಲೇ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟಿದ ಮಗುವಿನ ದೇಹ, ಬುದ್ಧಿಗಳೆರಡೂ ಚೆನ್ನಾಗಿ ಬೆಳೆಯುವಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಮೆದುಳಿನ ಬೆಳವಣಿಗೆಯ ಬಹುಪಾಲು ಶಾಲೆಗೆ ಸೇರುವ ಮುನ್ನವೇ ಆಗುತ್ತದೆ. ಆದುದರಿಂದ ಎಣಿಕೆಯ ಮೊದಲ ಗುರುಗಳು ತಂದೆತಾಯಿಗಳೇ.

"ನಮ್ಮ ಮಗು ನೂರರವರೆಗೆ ಹೇಳುತ್ತದೆ" ಎಂದು ಅನೇಕರು ಹೆಮ್ಮೆಪಡುವುದುಂಟು. ಅದರ ಮುಂದೆ ಏಳು ಅವರೆಕಾಳುಗಳನ್ನಿಟ್ಟು "ಎಷ್ಟಿವೆ?" ಎಂದು ಕೇಳಿ ನೋಡಿರಿ. ಬೆರಳು ಒಂದು ಕಾಳಿನ ಮೇಲಿರುವಾಗಲೇ ಬಾಯಿ ಎರಡು ಅಂಕಿಗಳನ್ನು ದಾಟಿರಬಹುದು. ಬಾಯಿಪಾಠ ಬೇರೆ, ಎಣಿಕೆ ಬೇರೆ.

ಎಣಿಕೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ಒಂದು ವಸ್ತುವಿಗೆ ಒಂದೇ ಅಂಕಿ. ಉಣ್ಣುವವರು ಐವರಿದ್ದರೆ ಒಬ್ಬೊಬ್ಬರಿಗೆ ಒಂದೊಂದು ತಟ್ಟೆಯನ್ನು ಮಗುವಿನ ಕೈಯಿಂದಲೇ ಇಡಿಸಿರಿ. ಎರಡನೆಯದು, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಮೊತ್ತವೆಂಬ ತಿಳಿವಳಿಕೆ. ಎಣಿಸಿ ಮುಗಿಸಿದ ಮಗುವನ್ನು "ಒಟ್ಟು ಎಷ್ಟು?" ಎಂದು ಕೇಳಿದಾಗ ಅದು ಪುನಃ ಒಂದರಿಂದ ಆರಂಭಿಸಿದರೆ ಗದರಿಸಬೇಡಿರಿ; ನೀವೇ ಎಣಿಸಿ "ಒಟ್ಟು ಐದು" ಎಂದು ತೋರಿಸಿರಿ. ಮೂರನೆಯದು, ಮುಂದುವರಿಸಿ ಎಣಿಸುವುದು. ನಾಲ್ಕು ಕುರಿಗಳಿದ್ದಲ್ಲಿಗೆ ಇನ್ನೆರಡು ಬಂದರೆ, ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು "ಐದು, ಆರು" ಎನ್ನಬೇಕು. ಕೂಡುವ ಲೆಕ್ಕಕ್ಕೆ ಇದೇ ಬೀಜ.

ಹತ್ತನ್ನು ದಾಟಿದ ಮೇಲೆ ನಮ್ಮ ನುಡಿಯೇ ನೆರವಾಗುತ್ತದೆ. ಹದಿಮೂರರಲ್ಲಿ ಹತ್ತೂ ಮೂರೂ ಅಡಗಿವೆ. ಇಪ್ಪತ್ತೊಂದರಲ್ಲಿ ಇಪ್ಪತ್ತೂ ಒಂದೂ ಇವೆ. ಹತ್ತು ಕಡ್ಡಿಗಳ ಕಂತೆ ಕಟ್ಟಿ ಇದನ್ನು ತೋರಿಸಬಹುದು.

ಬೆಲೆಬಾಳುವ ಆಟಿಕೆಗಳು ಬೇಕಿಲ್ಲ. ಹೊಸಕೋಟೆಯ ಸುತ್ತಲಿನ ರೈತರ ಮನೆಗಳಲ್ಲಿ ಹುಣಸೆಬೀಜಕ್ಕಾಗಲಿ ರೇಷ್ಮೆಗೂಡಿಗಾಗಲಿ ಕೊರತೆಯಿಲ್ಲ. ಗುಳಿಗೊಂದು ಕಾಳು ಹಾಕುತ್ತಾ ಸಾಗುವ ಅಳಗುಳಿಮಣೆಯ ಆಟವೇ ಒಳ್ಳೆಯ ಗಣಿತಶಾಲೆ. ಆದರೆ ಎಚ್ಚರಿಕೆ! 3 ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಬೀಜಗಳನ್ನು ಕೊಡಬಾರದು. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ. ಆ ವಯಸ್ಸಿಗೆ ಲೋಟ, ಬಟ್ಟಲುಗಳೇ ಸಾಕು.

ಕಲಿಸಿದರೂ ಮಗು ಮಂಕಾಗಿದ್ದರೆ "ದಡ್ಡ" ಎಂದು ಜರೆಯದೆ ವೈದ್ಯರಿಗೆ ತೋರಿಸಿರಿ. ರಕ್ತಹೀನತೆ, ಜಂತುಹುಳು ಅಥವಾ ಕಿವಿಯ ದೋಷ ಕಾರಣವಾಗಿರಬಹುದು. ಆಶಾ ಕಾರ್ಯಕರ್ತೆಯರು ನೀಡುವ ಕಬ್ಬಿಣಾಂಶದ ಸಿರಪ್ಪನ್ನು ತಪ್ಪದೆ ಕುಡಿಸಿರಿ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಅಂದು ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿ ನಿಮ್ಮ ಊರಿನಲ್ಲಿಯೇ ಇದೆ. 3ರಿಂದ 6 ವರ್ಷದ ಮಕ್ಕಳನ್ನು, ಹೆಣ್ಣುಗಂಡೆಂಬ ಭೇದವಿಲ್ಲದೆ, ಪ್ರತಿದಿನ ಅಲ್ಲಿಗೆ ಕಳುಹಿಸಿರಿ.

ಇಷ್ಟೆಲ್ಲಕ್ಕೂ ತಾಯಿಗೆ ಬಿಡುವೂ ಆರೋಗ್ಯವೂ ಬೇಕು. ಕಂಕುಳಲ್ಲೊಂದು, ತೊಟ್ಟಿಲಲ್ಲೊಂದು ಇದ್ದರೆ ಯಾವ ಮಗುವಿಗೂ ಪಾಠ ನಡೆಯದು. ಎರಡು ಮಕ್ಕಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿರಲಿ. ಅದಕ್ಕೆ ತಕ್ಕ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ತಂದೆಯೂ ದಿನಕ್ಕೆ ಕಾಲು ಗಂಟೆ ಮಗುವಿನೊಡನೆ ಕುಳಿತು ಎಣಿಸಲಿ. ಇಂದು ಕಾಳನ್ನು ಸರಿಯಾಗಿ ಎಣಿಸಿದ ಮಗು, ನಾಳೆ ಸಂತೆಯಲ್ಲಿ ಯಾರಿಂದಲೂ ಮೋಸಹೋಗದು.