ದಾಳಿಂಬೆ ತಿನ್ನೋಣ, ತಪಾಸಣೆ ಬಿಡುವುದು ಬೇಡ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಓದಿನ ಬಗ್ಗೆ ನಾಲ್ಕು ಮಾತಾಡಿ ಎಂದು ನಮ್ಮನ್ನು ಕರೆದಿದ್ದಾರೆ. ಆದರೆ ಈ ಸಲದ ಅರ್ಜಿಗಳನ್ನು ನೋಡುವಾಗ ಒಂದು ಅರ್ಜಿಯಲ್ಲಿ, ಫೀಜಿಗೆಂದು ಇಟ್ಟಿದ್ದ ಹಣ ತಂದೆಯ ಔಷಧಿಗೆ ಹೋಯಿತೆಂದು ಬರೆದಿತ್ತು. ವಿಚಾರಿಸಿದೆವು. ಅದು ಆಸ್ಪತ್ರೆಯ ಔಷಧಿಯಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಗುಣವಾಗುತ್ತದೆಂದು ಯಾರೋ ಮಾರಿದ ದಾಳಿಂಬೆ ಸಾರದ ಮತ್ತು ಅರಿಶಿನದ ಕ್ಯಾಪ್ಸೂಲು.

ಹೆಣ್ಣುಮಕ್ಕಳು ಕೂತಿರುವ ಸಭೆಯಲ್ಲಿ ಈ ಮಾತು ಬೇಕೇ ಎಂದು ಹಿಂಜರಿದೆವು. ಹೀಗೆ ಹಿಂಜರಿದೇ ನಮ್ಮ ದೊಡ್ಡಣ್ಣ ಕೆಟ್ಟರು. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಿದ್ದರು, ಮನೆಯಲ್ಲಿ ಹೇಳಲಿಲ್ಲ. ದಾಳಿಂಬೆ ಸಿಪ್ಪೆ, ಅರಿಶಿನ ಕುದಿಸಿದ ಕಷಾಯ ಎಂಟು ತಿಂಗಳು ಕುಡಿದರು. "ಆರಾಮ ಅನಿಸ್ತದೋ ತಮ್ಮಾ" ಎನ್ನುತ್ತಿದ್ದರು. ನಾವೂ ನಂಬಿದೆವು. ಸೊಂಟ ನೋವೆಂದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಎಲುಬಿಗೆ ಇಳಿದಿತ್ತು.

ದಾಳಿಂಬೆಯನ್ನು ನಾವು ಹಳಿಯುತ್ತಿಲ್ಲ. ಅದು ನಮ್ಮ ಕುಷ್ಟಗಿ, ಯಲಬುರ್ಗಾದ ಬೆಳೆ. ದುಂಡಾಣು ಅಂಗಮಾರಿ ಬಂದು ಗಿಡ ಕಿತ್ತು ಹಾಕಿದವರ ಸಂಕಟವೂ ನಮಗೆ ಗೊತ್ತು. ಆ ಹಣ್ಣಿನ ಸತ್ವ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣಗಳ ಬೆಳವಣಿಗೆಯನ್ನು ನಿಧಾನಗೊಳಿಸುವುದು ನಿಜ. 2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಆಪರೇಷನ್ ಅಥವಾ ರೇಡಿಯೇಷನ್ ಆದ ಮೇಲೂ ಪಿಎಸ್‌ಎ ಏರುತ್ತಿದ್ದ 46 ಜನರಿಗೆ ದಿನಕ್ಕೊಂದು ಲೋಟ ರಸ ಕೊಟ್ಟರು. ಪಿಎಸ್‌ಎ ಎಂದರೆ ಈ ಗ್ರಂಥಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು. ಅದು ಇಮ್ಮಡಿಯಾಗಲು ಮೊದಲು ಸರಾಸರಿ 15 ತಿಂಗಳು ಹಿಡಿಯುತ್ತಿತ್ತು, ರಸ ಕುಡಿದ ಮೇಲೆ 54 ತಿಂಗಳಾಯಿತು. ಮಾರುವವರು ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ.

ಆ ಪರೀಕ್ಷೆಯಲ್ಲಿ ರಸ ಕುಡಿಯದವರ ಗುಂಪೇ ಇರಲಿಲ್ಲ. ಮುಂದೆ ಕೆಲವರಿಗೆ ದಾಳಿಂಬೆ, ಕೆಲವರಿಗೆ ಅದರಂತೆಯೇ ಕಾಣುವ ಬರೀ ಪಾನೀಯ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಬರೀ ಪಾನೀಯ ಕುಡಿದವರಲ್ಲೂ ಏರಿಕೆ ನಿಧಾನವಾಗಿತ್ತು, ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಈ ಕಾಯಿಲೆ ಬಹಳ ಜನರಲ್ಲಿ ತಾನಾಗಿಯೇ ನಿಧಾನ ಬೆಳೆಯುತ್ತದೆ. ಹಾಗಾಗಿ ಏನೂ ಮಾಡದ ಔಷಧಿಯೂ ಕೆಲಸ ಮಾಡಿದಂತೆ ಕಾಣುತ್ತದೆ. ನಮ್ಮಣ್ಣನಿಗೆ ಕಂಡದ್ದೂ ಇದೇ ಇರಬೇಕು. ಅರಿಶಿನದ ಕರ್ಕ್ಯುಮಿನ್ ಅಂತೂ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ತೀರಾ ಕಡಿಮೆ.

ಗುಳಿಗೆಯಿಂದ ಲಾಭವಾಗದಿದ್ದರೂ ನಷ್ಟವಿಲ್ಲ ಎನ್ನುವವರಿದ್ದಾರೆ. 35,000ಕ್ಕೂ ಹೆಚ್ಚು ಗಂಡಸರಿಗೆ ಸೆಲೆನಿಯಂ, ವಿಟಮಿನ್ ಇ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯೊಂದಿದೆ. ವಿಟಮಿನ್ ಇ ಮಾತ್ರ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚಾಗಿತ್ತೆಂದು 2011ರಲ್ಲಿ ತಿಳಿಯಿತು.

ಹಾಗಂತ ಗಿಡಮೂಲದ್ದೆಲ್ಲ ಸುಳ್ಳಲ್ಲ. ಯೂರೋಪಿನ ಯೂ ಎಂಬ ಮರದ ಎಲೆಯ ವಸ್ತುವನ್ನು ಮಾರ್ಪಡಿಸಿ ಡೊಸಿಟ್ಯಾಕ್ಸೆಲ್ ಮಾಡಿದರು. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅದು ಆಯುಷ್ಯ ಹೆಚ್ಚಿಸುತ್ತದೆಂದು 2004ರಲ್ಲಿ ಎರಡು ಪರೀಕ್ಷೆಗಳು ತೋರಿಸಿದವು. ಅದನ್ನು ಡಾಕ್ಟರು ಅಳತೆ ನೋಡಿ ಸಲೈನಿನಲ್ಲಿ ಕೊಡುತ್ತಾರೆ.

ಮಕ್ಕಳೇ, ನಿಮ್ಮ ಅಬ್ಬಾ, ದಾದಾ ರಾತ್ರಿ ಪದೇ ಪದೇ ಏಳುತ್ತಿದ್ದರೆ, ಮೂತ್ರ ಕಟ್ಟಿದರೆ, ರಕ್ತ ಕಂಡರೆ ನಾಚದೆ ಕೇಳಿ. ಎಷ್ಟೋ ಸಲ ಅದು ವಯಸ್ಸಿಗೆ ಗ್ರಂಥಿ ದಪ್ಪವಾದದ್ದಷ್ಟೇ ಆಗಿರುತ್ತದೆ. ತಪಾಸಣೆ ಮಾಡಿಸಿದರೆ ಗೊತ್ತಾಗುತ್ತದೆ. ಮೊದಲು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಗತ್ಯಬಿದ್ದರೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಚೆಕ್ ವಿತರಣೆ ಮುಗಿದ ಮೇಲೆ ನಾವು ಹಿಂದಿನ ಕೊಠಡಿಯಲ್ಲಿ ಕೂತಿರುತ್ತೇವೆ. ಎಲ್ಲರೆದುರು ಕೇಳಲಾಗದವರು ಅಲ್ಲಿಗೆ ಬನ್ನಿ. ರಕ್ತ ಪರೀಕ್ಷೆಯ ಚೀಟಿ ಇದ್ದರೆ ತನ್ನಿ, ಕೂತು ಓದೋಣ.