ಗೊಂಬೆಯ ತುಟಿಗೆ ಕನ್ನಡ

(ಶತಮಾನೋತ್ಸವದ ಅಂಗವಾಗಿ ನಡೆದ ಅನಿಮೇಷನ್ ಕಮ್ಮಟದ ಸಮಾರೋಪ ಭಾಷಣದ ಬರಹರೂಪ)



ಕಾಸರಗೋಡಿನ ಕನ್ನಡ ಶಾಲೆಗೆ ಮಗುವನ್ನು ಸೇರಿಸುವ ಹೊತ್ತಿನಲ್ಲಿ ರಕ್ಷಕರನ್ನು ಕಾಡುವ ಪ್ರಶ್ನೆಯೊಂದಿದೆ: ಕನ್ನಡದಲ್ಲಿ ಕಲಿತರೆ ಮುಂದೇನು ಪ್ರಯೋಜನ? ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಭಾಷಾಭಿಮಾನದ ಮಾತೊಂದೇ ಅದಕ್ಕೆ ಉತ್ತರವಾಗದು. ಈ ಕಮ್ಮಟದಲ್ಲಿ ಮಕ್ಕಳು ಕೈಹಾಕಿದ ಸ್ಟಾಪ್ ಮೋಷನ್ ಅನಿಮೇಷನ್ ಎಂಬ ಕಸುಬಿನೊಳಗೇ ಆ ಉತ್ತರದ ಒಂದು ಎಳೆ ನನಗೆ ಕಾಣುತ್ತದೆ.

ಗೊಂಬೆಯನ್ನು ಎಳ್ಳಷ್ಟು ಸರಿಸುವುದು, ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ಚಿತ್ರ ತೆಗೆಯುವುದು. ಇದರ ಗುಟ್ಟು ಇಷ್ಟೇ. ದಾದಾಸಾಹೇಬ್ ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ಕ್ಕೂ ಮೊದಲು, ಕುಂಡದಲ್ಲಿ ಬಿತ್ತಿದ ಬಟಾಣಿ ಮೊಳೆತು ಬೆಳೆಯುವುದನ್ನು ದಿನದಿನವೂ ಚಿತ್ರಿಸಿ, ಹಣ ಹೂಡುವವರ ನಂಬಿಕೆಯನ್ನು ಗಳಿಸಿದ್ದರು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಕಲಾವಿದೆ ರಟ್ಟಿನ ಆಕೃತಿಗಳನ್ನು ಕತ್ತರಿಸಿ, ಹಿಂದಿನಿಂದ ಬೆಳಕು ಬಿಟ್ಟು, ಮೂರು ವರ್ಷ ದುಡಿದು 1926ರಲ್ಲಿ ರಾಜಕುಮಾರ ಅಹ್ಮದನ ಕಥೆಯನ್ನು ಪೂರ್ಣಾವಧಿಯ ಚಿತ್ರವಾಗಿಸಿದರು. ತೊಗಲುಗೊಂಬೆಯಾಟವನ್ನು ಕಂಡ ನಾಡಿಗೆ, ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಉಳಿಸಿಕೊಂಡು ಬಂದ ಕಾಸರಗೋಡಿಗೆ, ಈ ವಿದ್ಯೆ ಪರಕೀಯವಲ್ಲ.

ಅಂದು ದುಬಾರಿಯಾಗಿದ್ದ ಸಾಧನಗಳು ಇಂದು ಕೈಯಳವಿನಲ್ಲಿವೆ. ಒಂದು ಮೊಬೈಲ್ ಫೋನ್, ಅದನ್ನು ಅಲುಗಾಡದಂತೆ ಹಿಡಿಯುವ ಸ್ಟ್ಯಾಂಡ್, ಎರಡು ಮೇಜುದೀಪ ಇದ್ದರೆ ಕೆಲಸ ತೊಡಗಬಹುದು. ಕಿಟಕಿಯನ್ನು ಮುಚ್ಚಬೇಕು, ಮೋಡ ಸರಿದಂತೆಲ್ಲ ಬಿಸಿಲು ಬದಲಾಗಿ ಚಿತ್ರ ಮಿಣುಕುತ್ತದೆ. ಕ್ಯಾಮೆರಾದ ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ಒಮ್ಮೆ ಹೊಂದಿಸಿ ಹಾಗೆಯೇ ಕಟ್ಟಿಡಬೇಕು. ಹಿಂದಿನ ಚಿತ್ರವನ್ನು ತೆರೆಯ ಮೇಲೆ ಮಸುಕಾಗಿ ಉಳಿಸಿ, ಗೊಂಬೆ ಎಷ್ಟು ಸರಿದಿದೆಯೆಂದು ತೋರಿಸುವ ಸೌಲಭ್ಯ ತಂತ್ರಾಂಶದಲ್ಲಿದೆ. ಈರುಳ್ಳಿಯ ಸಿಪ್ಪೆಯಂತೆ ಒಂದರ ಹಿಂದಿನದು ಕಾಣುವುದರಿಂದ ಅದಕ್ಕೆ ‘ಆನಿಯನ್ ಸ್ಕಿನ್’ ಎಂದೇ ಹೆಸರು. ಚಿತ್ರ ಬರೆಯಲು ‘ಕ್ರಿಟಾ’ದಂತಹ ಉಚಿತ ತಂತ್ರಾಂಶಗಳಿವೆ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ ‘ಲಿಟ್ಲ್ ಕೈಟ್ಸ್’ ಘಟಕಗಳಲ್ಲಿ ಅನಿಮೇಷನ್ ಕೂಡ ಒಂದು ಕಲಿಕೆಯ ವಿಷಯವಾಗಿದೆ. ಆದ್ದರಿಂದ ಸಾಧನದ ಕೊರತೆ ಇಂದು ದೊಡ್ಡ ಅಡ್ಡಿಯಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ಮಕ್ಕಳು ನೋಡುವ ವ್ಯಂಗ್ಯಚಿತ್ರಗಳನ್ನು ಗಮನಿಸಿ. ಅವುಗಳಲ್ಲಿ ಹೆಚ್ಚಿನವು ಬೇರೆ ಭಾಷೆಯಲ್ಲಿ ಹುಟ್ಟಿದವು. ಕನ್ನಡ ಧ್ವನಿಯನ್ನು ಮೇಲಿನಿಂದ ಹೊದಿಸಿದರೂ ಪಾತ್ರದ ತುಟಿ ತನ್ನ ಮೂಲಭಾಷೆಯನ್ನೇ ಆಡುತ್ತಿರುತ್ತದೆ. ಕನ್ನಡವನ್ನೇ ಆಡುವ ತುಟಿಯನ್ನು ರೂಪಿಸಬಲ್ಲವರು ಕನ್ನಡದ ಉಚ್ಚಾರವನ್ನು ಬಲ್ಲವರು ಮಾತ್ರ.

ಇಲ್ಲಿ ನಮ್ಮ ಒಂದನೆಯ ತರಗತಿಯ ಪಾಠವೇ ಕೆಲಸಕ್ಕೆ ಬರುತ್ತದೆ. ಕನ್ನಡ ವರ್ಣಮಾಲೆ ಅಕ್ಷರಗಳ ಬರಿಯ ಪಟ್ಟಿಯಲ್ಲ. ಧ್ವನಿ ಬಾಯಿಯ ಯಾವ ತಾಣದಲ್ಲಿ ಹುಟ್ಟುತ್ತದೆಂಬ ಕ್ರಮದಲ್ಲಿ ಜೋಡಿಸಿದ ನಕ್ಷೆ. ಕಂಠದಲ್ಲಿಯೂ ತಾಲುವಿನಲ್ಲಿಯೂ ಹುಟ್ಟುವ ವ್ಯಂಜನಗಳ ವ್ಯತ್ಯಾಸ ಹೊರಗೆ ಕಾಣುವುದಿಲ್ಲ. ಕಾಣುವುದು ತುಟಿ ಮಾತ್ರ. ಪ, ಬ, ಮಗಳಿಗೆ ಮುಚ್ಚಿದ ತುಟಿ, ವಕಾರಕ್ಕೆ ಹಲ್ಲಿಗೆ ತಾಗಿದ ಕೆಳದುಟಿ, ಆಕಾರಕ್ಕೆ ತೆರೆದ ಬಾಯಿ, ಈಕಾರಕ್ಕೆ ಅಗಲಿಸಿದ ತುಟಿ, ಏಕಾರಕ್ಕೆ ಅರೆತೆರೆದ ಬಾಯಿ, ಓಕಾರಕ್ಕೆ ದುಂಡನೆಯದು, ಊಕಾರಕ್ಕೆ ಮುಂಚಾಚಿದ್ದು, ಉಳಿದವಕ್ಕೆ ತುಸು ಬಿರಿದ ತುಟಿ. ಹೀಗೆ 49 ಅಕ್ಷರಗಳಿಗೆ ಎಂಟು ಬಾಯಿಗಳು ಸಾಕು. ಅವನ್ನು ಗಣಕದಲ್ಲಿ ಬರೆದು, ಮುದ್ರಿಸಿ, ಕತ್ತರಿಸಿ, ಜೇಡಿಯ ಗೊಂಬೆಯ ಮುಖಕ್ಕೆ ಒಂದಾದ ಮೇಲೊಂದರಂತೆ ಅಂಟಿಸಬಹುದು.

ಮೊದಲು ಧ್ವನಿಮುದ್ರಣ, ಆಮೇಲೆ ಚಿತ್ರ; ಇದು ಈ ಕೆಲಸದ ನಿಯಮ. ಮುದ್ರಿಸಿದ ಮಾತನ್ನು ಕೇಳುತ್ತ, ಯಾವ ಅಕ್ಷರ ಎಷ್ಟನೆಯ ಚಿತ್ರಕ್ಕೆ ಬೀಳುತ್ತದೆಂದು ಗುರುತಿಸಬೇಕು. ಛಂದಸ್ಸಿನ ಪಾಠದಲ್ಲಿ ಕಲಿತ ಮಾತ್ರೆಯ ಲೆಕ್ಕ ಇಲ್ಲಿ ಜೀವಂತವಾಗುತ್ತದೆ. ‘ಮರ’ ಎನ್ನುವಾಗ ಬಾಯಿ ತೆರೆದು ಬೇಗನೆ ಸರಿಯುತ್ತದೆ. ‘ಮಾರ’ ಎನ್ನುವಾಗ ತೆರೆದ ಬಾಯಿ ಇನ್ನಷ್ಟು ಹೊತ್ತು ನಿಲ್ಲಬೇಕು. ‘ಅಮ್ಮ’ ಎನ್ನುವಲ್ಲಿ ಒತ್ತಕ್ಷರಕ್ಕಾಗಿ ತುಟಿ ಮುಚ್ಚಿಯೇ ಇರಬೇಕು. ಇದನ್ನು ತಪ್ಪಿದರೆ ಗೊಂಬೆ ಪರವೂರಿನವರಂತೆ ಮಾತಾಡುತ್ತದೆ.

ನಮ್ಮ ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ ಮುಂತಾಗಿ ಹಲವು. ಒಂದೇ ಮಾತನ್ನು ಎರಡು ಮೂರು ಬಗೆಯಲ್ಲಿ ಕೇಳಿ ಬೆಳೆದ ಕಿವಿ ಅವರದು. ಉಚ್ಚಾರದ ಸೂಕ್ಷ್ಮವನ್ನು ಹಿಡಿಯಲು ಆ ಕಿವಿಯೇ ಬಂಡವಾಳ.

ಕೊನೆಗೊಂದು ಬಿನ್ನಹ. ಸೆಕೆಂಡಿಗೆ 12 ಚಿತ್ರಗಳಂತೆ ಒಂದು ನಿಮಿಷದ ಕಥೆಗೆ 720 ಚಿತ್ರಗಳು ಬೇಕು. 12 ಮಕ್ಕಳು ಹಂಚಿಕೊಂಡರೆ ತಲಾ 60. ಶತಮಾನದ ನೆನಪಿಗೆ ಪ್ರತಿ ತರಗತಿಯೂ ಒಬ್ಬ ಅಜ್ಜನ ಅಥವಾ ಅಜ್ಜಿಯ ಬಾಯಿಂದ ಒಂದು ನಿಮಿಷದ ಕಥೆಯನ್ನು ಧ್ವನಿಮುದ್ರಿಸಿ, ಅದಕ್ಕೆ ಗೊಂಬೆಯ ರೂಪ ಕೊಡಲಿ. ಹಳೆ ವಿದ್ಯಾರ್ಥಿಗಳು ದೀಪ, ಸ್ಟ್ಯಾಂಡುಗಳನ್ನು ಒದಗಿಸಲಿ. ರಕ್ಷಕರು ತಮ್ಮ ಮನೆಯ ಹಿರಿಯರನ್ನು ಶಾಲೆಗೆ ಕರೆತರಲಿ. ಆ ಧ್ವನಿಗಳು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕು. ಚಿತ್ರವನ್ನು ಮುಂದೆಯೂ ತೆಗೆಯಬಹುದು, ಧ್ವನಿ ಕಾಯುವುದಿಲ್ಲ.