ಮೊಣಕಾಲು ಜೋಪಾನ

ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾಗಳಲ್ಲಿ ಕೇಳುತ್ತಿರುವ ಗೆಳೆಯರೇ, ಶನಿವಾರ ಬೆಳಗಾದರೆ ನಮ್ಮಲ್ಲಿ ಎಷ್ಟೋ ಜನ ಸಾಕರ್ ಮೈದಾನದಲ್ಲಿರುತ್ತೇವೆ. ಅಲ್ಲಿ ಹುಡುಗರು ಹುಡುಗಿಯರನ್ನು ರೇಗಿಸುವ ಮಾತೊಂದಿದೆ: "2017ರಲ್ಲಿ ನಿಮ್ಮ ರಾಷ್ಟ್ರೀಯ ತಂಡವೇ ಡಲ್ಲಾಸ್‌ನ 15 ವರ್ಷದೊಳಗಿನ ಹುಡುಗರಿಗೆ 5-2ರಿಂದ ಸೋತಿತಲ್ಲ!"

ಹೌದು, ಅಭ್ಯಾಸದ ಆಟದಲ್ಲಿ ಸೋತಿತು. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಹುಡುಗರಿಗೆ ಹೆಚ್ಚು ಸ್ನಾಯು, ಹೆಚ್ಚು ಎತ್ತರ, ಹೆಚ್ಚು ಹಿಮೋಗ್ಲೋಬಿನ್ ಕೊಡುತ್ತದೆ. ಓಟ, ಜಿಗಿತ, ಒದೆತದಲ್ಲಿ ಅದು ಕಾಣುತ್ತದೆ. ಅದಕ್ಕೇ ಲೀಗ್‌ಗಳು ಬೇರೆ ಬೇರೆ. ಅದೇ ಮಹಿಳಾ ತಂಡ 2019ರಲ್ಲಿ ವಿಶ್ವಕಪ್ ಗೆದ್ದಿತು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಷಿಂಗ್ಟನ್ನಿನ ಆಡಿ ಫೀಲ್ಡ್‌ನಲ್ಲೇ ಸಮಾನ ವೇತನದ ಒಪ್ಪಂದಕ್ಕೆ ಸಹಿ ಬಿತ್ತು.

ದೇಹದ ಇನ್ನೊಂದು ವ್ಯತ್ಯಾಸದ ಬಗ್ಗೆ ಮಾತ್ರ ಮೈದಾನದಲ್ಲಿ ಮಾತು ಕಡಿಮೆ. ಸಾಕರ್ ಆಡುವ ಹುಡುಗಿಯರಿಗೆ ಮೊಣಕಾಲಿನ ಎಸಿಎಲ್ ಹರಿಯುವ ಅಪಾಯ ಹುಡುಗರಿಗಿಂತ ಸುಮಾರು ಎರಡು-ಮೂರು ಪಟ್ಟು ಹೆಚ್ಚು. ಎಷ್ಟೋ ಸಲ ಯಾರೂ ಡಿಕ್ಕಿ ಹೊಡೆದಿರುವುದಿಲ್ಲ. ಜಿಗಿದು ಇಳಿಯುವಾಗ, ಥಟ್ಟನೆ ತಿರುಗುವಾಗ ಮೊಣಕಾಲು ಒಳಕ್ಕೆ ಬಾಗಿ ಹರಿಯುತ್ತದೆ. ಮತ್ತೆ ಆಡಲು ವರ್ಷವೇ ಹಿಡಿಯಬಹುದು.

ಇದನ್ನು ತಗ್ಗಿಸಲು ಫಿಫಾದ '11+' ವಾರ್ಮ್‌ಅಪ್ ಇದೆ, 20 ನಿಮಿಷದ್ದು. ನಿಮ್ಮ ತಂಡದಲ್ಲಿ ಮಾಡಿಸುತ್ತಾರಾ? ಇಲ್ಲವಾದರೆ ಈ ಶನಿವಾರ ಕೋಚ್ ಹತ್ತಿರ ಕೇಳಿ. ತಂಗಿ ಆಡುತ್ತಿದ್ದರೆ ಅವಳ ಪರವಾಗಿ ಅಣ್ಣನೂ ಕೇಳಲಿ.